ಸರಕು ಎಲ್ಲಿ ನಿಂತಿದೆ?

ಹೋದ ತಿಂಗಳು ಎಂಜಿನಿಯರಿಂಗ್ ಓದುವವರಿಂದ ಲಾಜಿಸ್ಟಿಕ್ಸ್ ಮತ್ತು ಸಪ್ಲೈ ಚೈನ್ ಬಗ್ಗೆ ಪ್ರಶ್ನೆ ಕೇಳಿದ್ದೆವು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದಲೇ ಜಾಸ್ತಿ ಬಂದಿವೆ. ನಾನು ಹುಬ್ಬಳ್ಳಿ ಗೋಕುಲ ರೋಡಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕ್ಲರ್ಕ್ ಆಗಿ ಸೇರಿ, ಡಿಸ್ಪ್ಯಾಚ್ ಮ್ಯಾನೇಜರ್ ಆಗಿ ನಿವೃತ್ತಿಯಾದವಳು. ನನ್ನ ಉತ್ತರಗಳೆಲ್ಲ ಆ ಗೋದಾಮಿನ ಬಾಗಿಲಿನಿಂದ ಕಂಡಂಥವು.

ಪ್ರಶ್ನೆ: ಮೇಡಂ, ಲಾಜಿಸ್ಟಿಕ್ಸ್, ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ ಎರಡೂ ಒಂದೇನಾ? ವ್ಯಾಖ್ಯೆ ಬಾಯಿಪಾಠ ಮಾಡಿದ್ದೇನೆ. ಅರ್ಥ ಮಾತ್ರ ಆಗಿಲ್ಲ.
(ಮೆಕ್ಯಾನಿಕಲ್ ವಿದ್ಯಾರ್ಥಿನಿ, 6ನೇ ಸೆಮಿಸ್ಟರ್, ಗದಗ)

ಉತ್ತರ: ಒಂದೇ ಅಲ್ಲಮ್ಮ. ದೊಡ್ಡದರೊಳಗೆ ಚಿಕ್ಕದು ಕೂತಿದೆ. ವ್ಯಾಖ್ಯೆ ಸ್ವಲ್ಪ ಬದಿಗಿಡಿ, ಬ್ಯಾಡಗಿಗೆ ಹೋಗೋಣ.

ಜನವರಿ ಬಂತೆಂದರೆ ಬ್ಯಾಡಗಿ ಎಪಿಎಂಸಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೋಮವಾರ, ಗುರುವಾರ ದೊಡ್ಡ ವಹಿವಾಟು. ಹಾವೇರಿ, ಗದಗ, ಧಾರವಾಡದ ಮೆಣಸಿನಕಾಯಿ ಅಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯ ಗಾಡಿಗಳೂ ಬಂದು ನಿಲ್ಲುತ್ತವೆ. ಬಾಯಿ ಬಿಚ್ಚಿದ ಚೀಲದಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಚೆನ್ನಾಗಿ ಒಣಗಿದ್ದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಹಸಿ ಉಳಿದಿದ್ದರೆ ಸದ್ದೇ ಇಲ್ಲ, ಬೆರಳ ನಡುವೆ ಮೆತ್ತಗೆ ಮಡಚಿಕೊಳ್ಳುತ್ತದೆ. ಹಸಿ ಕಾಯಿ ಒಟ್ಟಿಟ್ಟರೆ ಬೂಸಲು ಹಿಡಿಯುತ್ತದೆ. ಮೇಲಾಗಿ ಕೊಂಡವನು ನೀರಿಗೂ ದುಡ್ಡು ತೆತ್ತ ಹಾಗಾಗುತ್ತದೆ. ಅದಕ್ಕೇ ಖರೀದಿದಾರರು ಒಂದೊಂದು ಲಾಟಿನ ಮುಂದೆ ನಿಂತು ಕೈಯಾಡಿಸಿ, ಮುರಿದು, ಮೂಸಿ, ಆಮೇಲೆ ದರ ಬರೆಯುತ್ತಾರೆ.

ಆ ಚೀಲ ಹೊಲದಿಂದ ಮಾರ್ಕೆಟ್‌ಗೆ, ಕಾಟಾದ ಮೇಲೆ, ಅಲ್ಲಿಂದ ಕೋಲ್ಡ್ ಸ್ಟೋರೇಜ್‌ಗೆ, ಮುಂದೆ ಫ್ಯಾಕ್ಟರಿಗೆ ಹೋಗಬೇಕು. ಗಾಡಿ ಯಾರದು, ಬಾಡಿಗೆ ಎಷ್ಟು, ಹಮಾಲಿ ಯಾರು ಕೊಡಬೇಕು, ಬಿಲ್ಟಿ (ಲಾರಿಯವರು ಕೊಡುವ ಸರಕಿನ ರಸೀದಿ) ಯಾರ ಹೆಸರಿಗೆ, ಚೀಲದ ಮೇಲೆ ಎಷ್ಟು ಚೀಲ ಒಟ್ಟಬಹುದು? ಇದಿಷ್ಟೂ ಲಾಜಿಸ್ಟಿಕ್ಸ್. ಸರಕನ್ನು ಬೇಕಾದ ಜಾಗಕ್ಕೆ, ಬೇಕಾದ ಹೊತ್ತಿಗೆ, ಕೆಡದ ಹಾಗೆ ಮುಟ್ಟಿಸುವ ಕೆಲಸ.

ಈಗ ಸ್ವಲ್ಪ ಹಿಂದೆ ಸರಿದು ನೋಡಿ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಈ ಊರಿನ ವಿಶೇಷ ಎಂದು ಗುರುತಿಸುವ ಜಿಐ ಟ್ಯಾಗ್ ಕೂಡ 2011ರಲ್ಲಿ ಸಿಕ್ಕಿದೆ. ಈ ಬಣ್ಣಕ್ಕಾಗಿಯೇ ಓಲಿಯೋರೆಸಿನ್ (ಕಾಯಿಯ ಬಣ್ಣ, ಸತ್ವದ ಗಟ್ಟಿ ರಸ) ತೆಗೆಯುವ ಕಂಪನಿಗಳು ಇದನ್ನು ಕೊಳ್ಳುತ್ತವೆ. ಮುಂದಿನ ವರ್ಷ ತನಗೆ ಎಷ್ಟು ಬೇಕು ಎಂದು ಆ ಕಂಪನಿಗೆ ಯಾವಾಗ ಗೊತ್ತಾಗುತ್ತದೆ? ಬಿತ್ತುವ ಮೊದಲು ಆ ಸುದ್ದಿ ಶಿರಹಟ್ಟಿಯ ರೈತನಿಗೆ ಮುಟ್ಟುತ್ತದೆಯೇ? ಕಾಯಿ ಬರುವುದು ವರ್ಷದಲ್ಲಿ ಕೆಲವೇ ತಿಂಗಳು, ಬಳಕೆ ಹನ್ನೆರಡೂ ತಿಂಗಳು. ಉಳಿದ ಕಾಲ ಸರಕು ಕೋಲ್ಡ್ ಸ್ಟೋರೇಜ್‌ನಲ್ಲಿ ನಿಲ್ಲಬೇಕು, ಹೊರಗೇ ಇಟ್ಟರೆ ಸೆಕೆಗೆ, ಬೆಳಕಿಗೆ ಬಣ್ಣ ಇಳಿಯುತ್ತದೆ. ನಿಂತಷ್ಟು ದಿನದ ಬಾಡಿಗೆ, ಬಡ್ಡಿ ಯಾರ ತಲೆಗೆ? ದರ ಬಿದ್ದರೆ ನಷ್ಟ ಯಾರದು? ರೈತ, ದಲಾಲ, ವ್ಯಾಪಾರಿ, ಕಂಪನಿ, ಇಷ್ಟೂ ಜನರ ನಿರ್ಧಾರಗಳನ್ನು ಒಂದಕ್ಕೊಂದು ಹೊಂದಿಸುವುದು ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್. ಸರಕು ಮುಂದಕ್ಕೆ ಹೋಗುತ್ತದೆ, ದುಡ್ಡು ಹಿಂದಕ್ಕೆ ಬರುತ್ತದೆ, ಸುದ್ದಿ ಎರಡೂ ಕಡೆ ಓಡಾಡಬೇಕು. ನಮ್ಮ ಕಡೆ ಕುಂಟುವುದು ಈ ಸುದ್ದಿಯೇ. ಅದರ ಪೆಟ್ಟು ಮೊದಲು ತಾಗುವುದು ರೈತನಿಗೆ.

ಪರೀಕ್ಷೆಯಲ್ಲಿ ವ್ಯಾಖ್ಯೆಯನ್ನೇ ಬರೆಯಿರಿ. ಆದರೆ ಯಾವ ಉದ್ಯಮ ನೋಡಿದರೂ ಮೂರು ಪ್ರಶ್ನೆ ಕೇಳಿ: ಸರಕು ಎಲ್ಲಿ ನಿಂತಿದೆ, ಯಾಕೆ ನಿಂತಿದೆ, ನಿಂತದ್ದರ ಖರ್ಚು ಯಾರದು? ಓಡುವ ಲಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಸರಕು ತನ್ನ ಆಯುಷ್ಯದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ.

ಪ್ರಶ್ನೆ: ಇಒಕ್ಯು ಸೂತ್ರವನ್ನು ನಿಜವಾದ ಕಾರ್ಖಾನೆಯಲ್ಲಿ ಯಾರಾದರೂ ಬಳಸುತ್ತಾರಾ? ಬೇಡಿಕೆ ವರ್ಷವಿಡೀ ಒಂದೇ ಸಮ ಇರುತ್ತದೆ ಅಂತ ಹಿಡಿಯುತ್ತಾರಲ್ಲ, ಎಲ್ಲಿರುತ್ತದೆ ಹಾಗೆ?
(ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಬಳಸುತ್ತಾರೆ. ನಾನೂ ಬಳಸಿದ್ದೇನೆ. ಒಂದು ಸಲಕ್ಕೆ ಎಷ್ಟು ತರಿಸಿದರೆ ಒಟ್ಟು ಖರ್ಚು ಎಲ್ಲಕ್ಕಿಂತ ಕಡಿಮೆ ಎಂದು ಹೇಳುವ ಈ ಸೂತ್ರವನ್ನು ಫೋರ್ಡ್ ಹ್ಯಾರಿಸ್ ಎಂಬ ಅಮೆರಿಕದವರು 1913ರಲ್ಲಿ ಕೊಟ್ಟರು. ನೂರು ವರ್ಷ ದಾಟಿದರೂ ಬಾಳಿದೆ ಅಂದರೆ ಅದರಲ್ಲಿ ಏನೋ ಸತ್ವ ಇರಬೇಕು ಅಲ್ವಾ?

ಲೆಕ್ಕ ಮಾಡೋಣ. ವರ್ಷಕ್ಕೆ 10,000 ಬೇರಿಂಗ್ ಬೇಕು ಅಂತಿಟ್ಟುಕೊಳ್ಳಿ. ಒಂದು ಸಲ ಆರ್ಡರ್ ಹಾಕಿ ತರಿಸುವ ಖರ್ಚು 500 ರೂಪಾಯಿ. ಒಂದು ಬೇರಿಂಗನ್ನು ವರ್ಷವಿಡೀ ಇಟ್ಟುಕೊಳ್ಳಲು ಬಡ್ಡಿ, ಜಾಗ, ತುಕ್ಕು ಎಲ್ಲ ಸೇರಿ 10 ರೂಪಾಯಿ. 10,000ದ ಎರಡರಷ್ಟನ್ನು 500ರಿಂದ ಗುಣಿಸಿ, 10ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 1,000 ಬರುತ್ತದೆ. ಸಲಕ್ಕೆ ಸಾವಿರದಂತೆ ವರ್ಷಕ್ಕೆ 10 ಆರ್ಡರ್, ಅದರ ಖರ್ಚು 5,000. ಸರಾಸರಿ ದಾಸ್ತಾನು 500, ಅದನ್ನು ಇಟ್ಟುಕೊಳ್ಳುವ ಖರ್ಚೂ 5,000. ಒಟ್ಟು 10,000.

ಕ್ಲಾಸಿನಲ್ಲಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಖ್ಯವಾದದ್ದು ಇದರ ಮುಂದೆ ಇದೆ. ಸಾವಿರದ ಬದಲು 1,500 ತರಿಸಿದರೆ ಖರ್ಚು ಎಷ್ಟಾಗುತ್ತದೆ? ಆರ್ಡರ್ ಖರ್ಚು ಸುಮಾರು 3,333, ಇಟ್ಟುಕೊಳ್ಳುವ ಖರ್ಚು 7,500. ಒಟ್ಟು 10,833. ಅಂದರೆ ಪ್ರಮಾಣ ಶೇ. 50ರಷ್ಟು ತಪ್ಪಿದರೂ ಖರ್ಚು ಏರಿದ್ದು ಶೇ. 8ರಷ್ಟು ಮಾತ್ರ. ಆ ವಕ್ರರೇಖೆಯ ತಳ ಅಷ್ಟು ಅಗಲ ಇದೆ. ಬೇಡಿಕೆ ಸ್ವಲ್ಪ ಹೆಚ್ಚು ಕಡಿಮೆ ಆದರೂ ಸೂತ್ರ ಕೆಲಸಕ್ಕೆ ಬರುವುದು ಇದಕ್ಕೇ. 1,000 ಬಂದ ಕಡೆ ಲಾರಿಗೆ, ಪ್ಯಾಕಿಂಗ್‌ಗೆ ಹೊಂದುವ ಹಾಗೆ 1,200 ಹಾಕಿದರೆ ಏನೂ ಮುಳುಗುವುದಿಲ್ಲ.

ಎಷ್ಟು ತರಿಸಬೇಕು ಎಂಬುದಕ್ಕಿಂತ ಯಾವಾಗ ಹೇಳಬೇಕು ಎಂಬುದರಲ್ಲಿ ಹೆಚ್ಚು ಎಚ್ಚರ ಬೇಕು. ದಿನಕ್ಕೆ 40 ಬೇರಿಂಗ್ ಖರ್ಚಾಗುತ್ತವೆ, ಪುಣೆಯಿಂದ 5 ದಿನಕ್ಕೆ ಮಾಲು ಬರುತ್ತದೆ ಅನ್ನೋಣ. 200 ಉಳಿದಾಗ ಆರ್ಡರ್ ಹಾಕಿದರೆ ಸಾಕು ಅಂತ ಪುಸ್ತಕ ಹೇಳುತ್ತದೆ. ಮಳೆಗಾಲದಲ್ಲಿ ಅದೇ ಮಾಲು 9 ದಿನಕ್ಕೆ ಬಂದರೆ? 160 ಬೇರಿಂಗ್ ಕಡಿಮೆ ಬೀಳುತ್ತವೆ, ಅಸೆಂಬ್ಲಿ ಲೈನ್ ಸುಮ್ನೆ ನಿಲ್ಲುತ್ತದೆ. ಆ 160 ನಿಮ್ಮ ಸೇಫ್ಟಿ ಸ್ಟಾಕ್. 360 ಉಳಿದಾಗಲೇ ಆರ್ಡರ್ ಹೋಗಬೇಕು. ನಾನು ಪ್ರತಿ ಬಿನ್ ಕಾರ್ಡ್‌ನ (ಸರಕಿನ ಕಪಾಟಿಗೆ ತೂಗುಹಾಕುವ ಲೆಕ್ಕದ ಚೀಟಿ) ಹಿಂಬದಿಯಲ್ಲಿ ಎರಡು ತಾರೀಖು ಬರೆಸುತ್ತಿದ್ದೆ: ಆರ್ಡರ್ ಹಾಕಿದ್ದು, ಮಾಲು ಗೇಟಿಗೆ ಬಂದದ್ದು. ಸಪ್ಲೈಯರ್ ಬಾಯಲ್ಲಿ ಹೇಳುವ ದಿನಕ್ಕೂ ಆ ಕಾರ್ಡಿನ ಮೇಲಿನ ದಿನಕ್ಕೂ ಎಷ್ಟು ಅಂತರ ಇದೆ ಎಂದು ಆಗ ಗೊತ್ತಾಗುತ್ತದೆ. ನೀವು ಕೆಲಸಕ್ಕೆ ಸೇರಿದ ಮೊದಲ ವಾರವೇ ಇದನ್ನು ಶುರು ಮಾಡಿ, ಯಾವ ಸಾಫ್ಟ್‌ವೇರೂ ಬೇಡ.

ಪ್ರಶ್ನೆ: ಬುಲ್‌ವಿಪ್ ಎಫೆಕ್ಟ್ ಅಂದರೇನು? ನಮ್ಮ ಕಡೆಯ ಉದಾಹರಣೆ ಕೊಡಿ.
(ಮೆಕ್ಯಾನಿಕಲ್ ವಿದ್ಯಾರ್ಥಿ, ರಾಣೆಬೆನ್ನೂರು)

ಉತ್ತರ: ಬೀಜದ ವ್ಯಾಪಾರಕ್ಕೆ ಹೆಸರಾದ ಊರಿನಲ್ಲೇ ಇದ್ದೀರಿ, ಉದಾಹರಣೆಗೆ ದೂರ ಹೋಗುವುದು ಬೇಡ.

ಜೂನ್ ತಿಂಗಳು, ಮಳೆ ಹಿಡಿದಿದೆ. ಒಂದು ಕಂಪನಿಯ ಗೋವಿನಜೋಳದ ಬೀಜ ಹೋದ ವರ್ಷ ಚಲೋ ಬಂದಿತ್ತು. ಒಬ್ಬ ರೈತನಿಗೆ 4 ಪಾಕೀಟು ಬೇಕು. ಅಷ್ಟರಲ್ಲಿ ಚಹಾದಂಗಡಿಯಲ್ಲಿ ಒಂದು ಮಾತು: "ಈ ಸಲ ಬೀಜ ಸಿಗಂಗಿಲ್ಲಂತಪಾ." ಆತ ಮೂರು ಅಂಗಡಿಯಲ್ಲಿ 4-4 ಹೇಳಿಡುತ್ತಾನೆ. ಊರಲ್ಲಿ ಬರೆದುಕೊಂಡದ್ದು 12 ಆಯಿತು. ಮೇಲಿನವರು ಕೇಳಿದ್ದರಲ್ಲಿ ಅರ್ಧ ಕೊಡುತ್ತಾರೆ ಎಂದು ಅಂಗಡಿಯವರೂ ದುಪ್ಪಟ್ಟು ಬರೆಯುತ್ತಾರೆ. ಡಿಸ್ಟ್ರಿಬ್ಯೂಟರ್ ಹತ್ತಿರ 24 ಹೋಯಿತು. ಆತನೂ ಕೈ ಬಿಗಿ ಮಾಡುವುದಿಲ್ಲ. ಕಂಪನಿಯ ಆಫೀಸಿನಲ್ಲಿ ಕೂತವರಿಗೆ ಬೇಡಿಕೆ ಆರೇಳು ಪಟ್ಟು ಕಾಣುತ್ತದೆ. ಹೊಲದಲ್ಲಿ ಬೇಕಾದದ್ದು ಮಾತ್ರ ಅದೇ 4.

ಆ ರೈತನಿಗೆ ಮೊದಲ ಅಂಗಡಿಯಲ್ಲೇ ಬೀಜ ಸಿಕ್ಕಿತು. ಉಳಿದ ಎರಡು ಅಂಗಡಿಗೆ ಯಾಕೆ ಹೋಗುತ್ತಾನೆ? ಬಿತ್ತನೆ ಮುಗಿದ ಮೇಲೆ ಗಾಡಿಗಟ್ಟಲೆ ಬೀಜ ಬಂದು ಗೋದಾಮಿನಲ್ಲಿ ನಿಲ್ಲುತ್ತದೆ. ಕಬ್ಬಿಣ ಆಗಿದ್ದರೆ ನಿಲ್ಲಲಿ ಬಿಡಿ ಅನ್ನಬಹುದಿತ್ತು. ಬೀಜಕ್ಕೆ ಜೀವ ಇದೆ, ದಿನ ಹೋದಂತೆ ಮೊಳಕೆಯ ಶಕ್ತಿ ಇಳಿಯುತ್ತದೆ. ಈ ನಷ್ಟಕ್ಕೆ ಹೆದರಿ ಮುಂದಿನ ವರ್ಷ ಕಂಪನಿ ಕಡಿಮೆ ತಯಾರಿಸುತ್ತದೆ. ಆಗ ನಿಜವಾಗಿಯೂ ಬೀಜ ಸಿಗುವುದಿಲ್ಲ!

ಹೀಗೆ ಕೆಳಗಿನ ಸಣ್ಣ ಅಲುಗಾಟ ಮೇಲೆ ಹೋದಂತೆ ದೊಡ್ಡದಾಗುವುದೇ ಬುಲ್‌ವಿಪ್ ಎಫೆಕ್ಟ್. ಅಮೆರಿಕದ ಪ್ರಾಧ್ಯಾಪಕ ಜೇ ಫಾರೆಸ್ಟರ್ ಇದನ್ನು 1961ರಲ್ಲೇ ವಿವರಿಸಿದ್ದರು. ಆಮೇಲೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ತನ್ನ ಡೈಪರ್‌ಗಳ ವಿಷಯದಲ್ಲಿ ಇದನ್ನೇ ಕಂಡಿತು. ಮಕ್ಕಳು ಬಳಸುವುದು ದಿನಾ ಒಂದೇ ಲೆಕ್ಕ, ಡಿಸ್ಟ್ರಿಬ್ಯೂಟರ್‌ಗಳ ಆರ್ಡರ್ ಮಾತ್ರ ಏರಿಳಿತ. 1997ರಲ್ಲಿ ಪ್ರಾಧ್ಯಾಪಕ ಹಾವ್ ಲೀ ಮತ್ತು ಜೊತೆಗಾರರು ನಾಲ್ಕು ಕಾರಣ ಗುರುತಿಸಿದರು. ಕೆಳಗಿನವರ ಆರ್ಡರನ್ನೇ ಬೇಡಿಕೆ ಎಂದು ನಂಬುವುದು, ದಿನದಿನ ತರಿಸದೆ ಒಟ್ಟಿಗೆ ತರಿಸುವುದು, ಆಫರ್ ಬಂದಾಗ ತುಂಬಿಕೊಳ್ಳುವುದು, ಕೊರತೆಗೆ ಹೆದರಿ ಹೆಚ್ಚು ಕೇಳುವುದು. ನಮ್ಮ ಗೋವಿನಜೋಳದ ಕಥೆ ಈ ನಾಲ್ಕನೆಯದು. ಇದಕ್ಕೆ ಒಂದು ಮದ್ದು ಎಂದರೆ ಕೊರತೆಯ ವರ್ಷ ಈ ಸಲದ ಆರ್ಡರ್ ನೋಡದೆ, ಹೋದ ವರ್ಷ ಕೌಂಟರಿನಲ್ಲಿ ನಿಜವಾಗಿ ಮಾರಿದ್ದರ ಲೆಕ್ಕದಲ್ಲಿ ಹಂಚುವುದು. ಸುಳ್ಳು ಆರ್ಡರ್ ಹಾಕಿದವನಿಗೆ ಆಗ ಏನೂ ಲಾಭ ಇಲ್ಲ. ರೈತನ ಮೇಲೆ ಮಾತ್ರ ತಪ್ಪು ಹೊರಿಸಬೇಡಿ. ಮಳೆ ಕಾಯುವುದಿಲ್ಲ, ಅವನು ಮೂರು ಕಡೆ ಹೇಳಿಡುವುದು ಸರಿಯೇ. ಹಾಗೆ ಹೇಳಿಡುವ ಅಗತ್ಯ ಬೀಳದಂತೆ ಮಾಡುವುದು ನಿಮ್ಮಂಥವರ ಕೆಲಸ.

ಪ್ರಶ್ನೆ: ಅಪ್ಪ ಒಂದು ಕಂಪನಿಯ ಹುಬ್ಬಳ್ಳಿ ಡಿಪೋದಲ್ಲಿದ್ದರು. ಜಿಎಸ್‌ಟಿ ಬಂದ ಮೇಲೆ ಅದನ್ನು ಮುಚ್ಚಿದರು. ಈಗ ಮಾಲು ನೇರವಾಗಿ ಪುಣೆ ಕಡೆಯಿಂದ ಬರುತ್ತದೆ. ತೆರಿಗೆಗೂ ಗೋದಾಮಿಗೂ ಏನು ಸಂಬಂಧ ಮೇಡಂ?
(ಸಿವಿಲ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಹತ್ತಿರದ ಸಂಬಂಧ ಇದೆ. ಅಪ್ಪನ ಕೆಲಸದಲ್ಲಿ ಕೊರತೆ ಇದ್ದು ಡಿಪೋ ಮುಚ್ಚಿದ್ದಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

2017ರ ಜುಲೈಗಿಂತ ಮೊದಲು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾರಿದರೆ ಶೇ. 2ರಷ್ಟು ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು, ಅದು ವಾಪಸ್ ಸಿಗುತ್ತಿರಲಿಲ್ಲ. ಕಂಪನಿ ತನ್ನದೇ ಡಿಪೋಗೆ ಮಾಲು ಕಳಿಸಿಕೊಂಡರೆ ಅದು ಮಾರಾಟ ಅನ್ನಿಸಿಕೊಳ್ಳುತ್ತಿರಲಿಲ್ಲ. ಹೀಗಾಗಿ ರಾಜ್ಯಕ್ಕೊಂದು ಡಿಪೋ ಬೇಕೇ ಬೇಕಾಗಿತ್ತು. ಮಹಾರಾಷ್ಟ್ರ, ಗೋವಾ ಕಡೆಯ ಕಂಪನಿಗಳಿಗೆ ಹುಬ್ಬಳ್ಳಿ ಅನುಕೂಲದ ಜಾಗ. ಪುಣೆ-ಬೆಂಗಳೂರು ಹೆದ್ದಾರಿ ಇದೆ, ರೈಲು ಇದೆ, ಇಲ್ಲಿಂದ ಗದಗ, ಕೊಪ್ಪಳ, ಕಾರವಾರ ಎಲ್ಲ ಕಡೆ ದಾರಿ ಒಡೆಯುತ್ತದೆ. ಜಿಎಸ್‌ಟಿ ಬಂದ ಮೇಲೆ ಆ ಶೇ. 2ರ ಕಾರಣ ಹೋಯಿತು.

ಆಗ ಕಂಪನಿಗಳು ಇನ್ನೊಂದು ಲೆಕ್ಕ ನೋಡಿದವು. ನಾಲ್ಕು ಗೋದಾಮಿನಲ್ಲಿ ತಲಾ 100 ಪೆಟ್ಟಿಗೆ ಸೇಫ್ಟಿ ಸ್ಟಾಕ್ ಇದ್ದರೆ ಒಟ್ಟು 400. ನಾಲ್ಕನ್ನೂ ಒಂದು ಮಾಡಿದರೆ 200 ಸಾಕು. ಒಂದು ಊರಲ್ಲಿ ಬೇಡಿಕೆ ಏರಿದಾಗ ಇನ್ನೊಂದು ಊರಲ್ಲಿ ಇಳಿದಿರಬಹುದು, ಒಂದಕ್ಕೊಂದು ಸರಿದೂಗುತ್ತದೆ. ಗೋದಾಮಿನ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ ದಾಸ್ತಾನು ಇಳಿಯುತ್ತದೆ, ಇದನ್ನು ನಿಮ್ಮ ಪುಸ್ತಕದಲ್ಲಿ ರಿಸ್ಕ್ ಪೂಲಿಂಗ್ ಎಂದು ಕರೆದಿರುತ್ತಾರೆ.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ. ನಾಲ್ಕು ಊರಿನ ಬೇಡಿಕೆ ಒಂದರ ಜೊತೆ ಒಂದು ಏರಬಾರದು. ದೀಪಾವಳಿಗೆ ಬಣ್ಣ, ಬಲ್ಬು, ಬಟ್ಟೆ ಎಲ್ಲ ಊರಲ್ಲೂ ಒಟ್ಟಿಗೆ ಬೇಕಾಗುತ್ತದೆ. ಆಗ ಪೂಲಿಂಗ್‌ನಿಂದ ಸಿಗುವ ಉಳಿತಾಯ ಕರಗುತ್ತದೆ. ಮೊದಲು ಗದಗದ ಅಂಗಡಿಗೆ ಬೆಳಿಗ್ಗೆ ಹೇಳಿದರೆ ಸಂಜೆಗೆ ಮಾಲು ಸಿಗುತ್ತಿತ್ತು, ಈಗ ಒಂದೆರಡು ದಿನ ಕಾಯಬೇಕು. ಹಾಗಾಗಿ ಅಂಗಡಿಯವರೇ ನಾಲ್ಕು ಪೆಟ್ಟಿಗೆ ಜಾಸ್ತಿ ಇಟ್ಟುಕೊಳ್ಳುತ್ತಾರೆ. ಕಂಪನಿಯ ಪುಸ್ತಕದಲ್ಲಿ ದಾಸ್ತಾನು ಇಳಿದದ್ದು ಕಾಣುತ್ತದೆ. ಆ ಭಾರದಲ್ಲಿ ಒಂದಷ್ಟು ಸಣ್ಣ ಅಂಗಡಿಗಳ ಹೆಗಲಿಗೆ ಹೋಗಿದೆ ಎಂಬುದನ್ನು ಯಾವ ರಿಪೋರ್ಟೂ ಬರೆಯುವುದಿಲ್ಲ. ನನಗೆ ಇದು ನೋವಿನ ವಿಷಯ. ಅಪ್ಪನಿಗೆ ಯಾವ ಊರು, ಯಾವ ತಿಂಗಳು, ಯಾವ ಮಾಲು ಕೇಳುತ್ತದೆ ಎಂಬುದು ಬಾಯಲ್ಲೇ ಇರುತ್ತದೆ. ಹತ್ತಿರ ಕೂತು ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ಲಕ್ಷ್ಮೇಶ್ವರದಿಂದ ಗದಗಕ್ಕೆ ಒಂದು ಪಾರ್ಸೆಲ್ ಕಳಿಸಿದರೆ ಅದು ಮೊದಲು ಹುಬ್ಬಳ್ಳಿಗೆ ಹೋಗಿ ಬರುತ್ತದೆ. ಇದು ದಂಡ ಅಲ್ವಾ?
(ಡಿಪ್ಲೊಮಾ ವಿದ್ಯಾರ್ಥಿ, ಲಕ್ಷ್ಮೇಶ್ವರ)

ಉತ್ತರ: ನಿಮ್ಮ ಒಂದು ಪಾರ್ಸೆಲ್‌ಗೆ ಸುತ್ತು, ಇಡೀ ವ್ಯವಸ್ಥೆಗೆ ಉಳಿತಾಯ. 20 ಊರುಗಳಿವೆ ಎನ್ನಿ. ಪ್ರತಿ ಊರಿನಿಂದ ಪ್ರತಿ ಊರಿಗೆ ನೇರ ಗಾಡಿ ಬಿಟ್ಟರೆ 190 ದಾರಿ ಆಗುತ್ತವೆ, ಗಾಡಿಗಳು ಅರ್ಧ ಖಾಲಿ ಓಡುತ್ತವೆ. ಅವುಗಳಲ್ಲೇ ಒಂದನ್ನು ಹಬ್ (ಎಲ್ಲ ಸರಕು ಬಂದು ಸೇರಿ, ವಿಂಗಡವಾಗಿ ಹೊರಡುವ ಊರು) ಮಾಡಿದರೆ 19 ದಾರಿ ಸಾಕು, ಗಾಡಿ ತುಂಬಿ ಹೋಗುತ್ತದೆ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರರ ವಿಆರ್‌ಎಲ್ ಕಂಪನಿ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ದೇಶದ ತುಂಬ ಬೆಳೆದದ್ದು ಈ ಪಾರ್ಸೆಲ್ ವ್ಯವಹಾರದಲ್ಲೇ. ಹಬ್‌ಗೆ ರಾತ್ರಿ ಬಂದ ಸರಕು ಬೆಳಗಾಗುವುದರೊಳಗೆ ಹೊರಡಬೇಕು. ಅಲ್ಲಿ ಒಂದು ದಿನ ನಿಂತರೆ ನಿಮ್ಮ ಸಿಟ್ಟಿಗೆ ಕಾರಣ ಇದೆ.

ಪ್ರಶ್ನೆ: ಇ-ವೇ ಬಿಲ್ ಎಷ್ಟು ದಿನ ನಡೆಯುತ್ತದೆ?
(ಓದುಗರು, ಧಾರವಾಡ)

ಉತ್ತರ: ಇದು ಸರಕು ಸಾಗಿಸುವಾಗ ಗಾಡಿಯ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ, 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕಿಗೆ ಬೇಕು. ಕರ್ನಾಟಕದಲ್ಲಿ 2018ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪ್ರತಿ 200 ಕಿ.ಮೀ.ಗೆ ಒಂದು ದಿನ. ಹುಬ್ಬಳ್ಳಿ-ಬೆಂಗಳೂರು ಸುಮಾರು 410 ಕಿ.ಮೀ., ಹಾಗಾಗಿ 3 ದಿನ ಸಿಗುತ್ತದೆ. ಗದಗದ ಕಡೆ ಗಾಳಿಯಂತ್ರದ ರೆಕ್ಕೆ ಹೊತ್ತು ತೆವಳುವ ಉದ್ದನೆಯ ಗಾಡಿ ನೋಡಿರುತ್ತೀರಿ. ಅಂಥ ಅಳತೆ ಮೀರಿದ ಸರಕಿಗೆ ಪ್ರತಿ 20 ಕಿ.ಮೀ.ಗೆ ಒಂದು ದಿನ ಕೊಡುತ್ತಾರೆ.

ಪ್ರಶ್ನೆ: ಮೇಡಂ, ಗೋದಾಮು, ಡಿಸ್ಪ್ಯಾಚ್ ಕೆಲಸಕ್ಕೆ ಹುಡುಗಿಯರನ್ನು ತಗೋತಾರಾ? ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ಹಾಗೇ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಒಂದು ವಿಷಯ ಹೇಳಿ, ಖರ್ಚಿಲ್ಲದ್ದು.
(ವಿದ್ಯಾರ್ಥಿನಿ, ಹಾವೇರಿ)

ಉತ್ತರ: ತಗೋತಾರೆ ತಂಗಿ. ನಾನು ಸೇರಿದಾಗ ಡಿಸ್ಪ್ಯಾಚ್ ಯಾರ್ಡಿನಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಆಫೀಸ್ ಕಟ್ಟಡಕ್ಕೆ ನಡೆದು ಹೋಗಬೇಕಿತ್ತು. ಕೇಳಿ ಕೇಳಿ ಕಟ್ಟಿಸಿಕೊಂಡೆ. ನೀವೂ ಇಂಟರ್‌ವ್ಯೂನಲ್ಲೇ ಕೇಳಿ: ಶೌಚಾಲಯ ಎಲ್ಲಿದೆ, ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ಮನೆಗೆ ಗಾಡಿ ಇದೆಯಾ? ನಾಚಿಕೊಳ್ಳುವ ಮಾತೇ ಇಲ್ಲ. ಮನೆಯವರಿಗೂ ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆತಂಕ ಇಳಿಯುತ್ತದೆ. ಡ್ರೈವರ್‌ಗಳು, ಹಮಾಲರು ಹೇಗಿರುತ್ತಾರೋ ಎಂದು ಹೆದರಿಸುವವರು ಬಹಳ. ನನಗೆ ಸಿಕ್ಕವರು "ಮೇಡಮ್ಮಾರ, ಈ ಪೆಟಗಿ ಮ್ಯಾಲೆ ಅದನ್ನ ಇಟ್ರ ಒಡಿತೈತ್ರಿ" ಎಂದು ಲೋಡಿಂಗ್ ಕಲಿಸಿದವರು. ಅವರನ್ನು ಹೆಸರು ಹಿಡಿದು, ಗೌರವ ಕೊಟ್ಟು ಮಾತಾಡಿಸಿ.

ಪ್ರಾಜೆಕ್ಟ್‌ಗೆ ಲಿಟಲ್ಸ್ ಲಾ ತಗೊಳ್ಳಿ. ಇದು ಸರಿ ಎಂದು ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಸೂತ್ರ ಬಹಳ ಸರಳ: ಒಳಗಿರುವ ಸರಾಸರಿ ಗಾಡಿಗಳ ಸಂಖ್ಯೆ ಅಂದರೆ ಗಂಟೆಗೆ ಬರುವ ಗಾಡಿ ಗುಣಿಸು ಒಂದು ಗಾಡಿ ಒಳಗೆ ಕಳೆಯುವ ಸರಾಸರಿ ಗಂಟೆ. ಬ್ಯಾಡಗಿ ಎಪಿಎಂಸಿ ನಿಮಗೆ ಹತ್ತಿರ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯೂ ಆದೀತು. ಕಾಲೇಜಿನ ಪತ್ರ ಕೊಟ್ಟು ಅನುಮತಿ ಕೇಳಿ. ಒಬ್ಬರು ಗೇಟಿನಲ್ಲಿ ಗಂಟೆಗೆ ಎಷ್ಟು ಗಾಡಿ ಒಳಗೆ ಬಂದವು ಎಂದು ಬರೆಯಲಿ, ಇನ್ನೊಬ್ಬರು ಅರ್ಧ ಗಂಟೆಗೊಮ್ಮೆ ಸುತ್ತಿ ಒಳಗೆ ಎಷ್ಟಿವೆ ಎಂದು ಎಣಿಸಲಿ. ಗಂಟೆಗೆ 12 ಬಂದು, ಒಳಗೆ ಸರಾಸರಿ 30 ಇದ್ದರೆ, ಒಂದೊಂದು ಗಾಡಿ ಎರಡೂವರೆ ಗಂಟೆ ಒಳಗಿರುತ್ತದೆ. ಯಾವ ಗಾಡಿಯ ಹಿಂದೆಯೂ ವಾಚ್ ಹಿಡಿದು ಓಡಬೇಕಿಲ್ಲ. ಬಂದಷ್ಟೇ ಗಾಡಿ ಹೊರಗೂ ಹೋಗುವ ಹಾಗೆ ಇಡೀ ದಿನದ ಲೆಕ್ಕ ತಗೊಳ್ಳಿ, ಬರೀ ಬೆಳಗಿನ ಎರಡು ಗಂಟೆಯ ಅಂಕಿ ದಾರಿ ತಪ್ಪಿಸುತ್ತದೆ.

ಆಮೇಲೆ ನಾಲ್ಕಾರು ಗಾಡಿ ಇಳಿಸಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ. 40 ನಿಮಿಷ ಬಂದರೆ, ಉಳಿದ 110 ನಿಮಿಷ ಗಾಡಿ ಕಾಯುತ್ತಾ ನಿಂತಿತ್ತು ಎಂದಾಯಿತು. ಕಾಟಾದ ಮುಂದೆ ನಿಂತಿತ್ತೋ, ಹಮಾಲರು ಸಾಲದೇ ನಿಂತಿತ್ತೋ, ಚೀಟಿ ಬರಲಿ ಎಂದು ನಿಂತಿತ್ತೋ, ಬೇರೆ ಬೇರೆ ಕಾಲಂ ಹಾಕಿ. ಆ ಹಾಳೆಯನ್ನು ಗೈಡ್‌ಗೆ ಕೊಡುವ ಮೊದಲು ಹಮಾಲರ ಮೇಸ್ತ್ರಿಗೆ ತೋರಿಸಿ, ಅವರು ಹೇಳುವ ಕಾರಣವನ್ನು ಅವರದೇ ಮಾತಿನಲ್ಲಿ ರಿಪೋರ್ಟಿಗೆ ಸೇರಿಸಿ.